ಕೆಮ್ಮಿನ ಸೀಸೆಯ ಚರಿತ್ರೆ

ಔಷಧದ ಅಂಗಡಿಯಲ್ಲಿ ಹೆಸರು ಹೇಳದೆ ಕೇಳಬಹುದಾದ ಸರಕು ಒಂದಿದ್ದರೆ ಅದು ಕೆಮ್ಮಿನ ಔಷಧ. "ಕೆಮ್ಮಿಗೆ ಏನಾದರೂ ಕೊಡಿ" ಎಂದರೆ ಸಾಕು. ಅಂಗಡಿಯವರು ಕಪಾಟಿನಿಂದ ಒಂದು ಸೀಸೆ ತೆಗೆದು ಮುಂದಿಡುತ್ತಾರೆ. ಬಣ್ಣ ಕೆಂಪೋ ಹಸುರೋ, ರುಚಿಯಂತೂ ಸಿಹಿ. ಮನೆಗೆ ತಂದು ಮಗುವಿಗೂ ಅಜ್ಜನಿಗೂ ಅದನ್ನೇ ಎರೆಯುತ್ತೇವೆ. ಒಳಗೆ ಏನಿದೆಯೆಂದು ಲೇಬಲ್ ಓದುವವರು ಕಡಿಮೆ. ಓದಹೊರಟರೂ ಅಕ್ಷರಗಳು ಇರುವೆಯ ಸಾಲಿನಂತಿರುತ್ತವೆ. ಆ ಇರುವೆಯ ಸಾಲು ಸೀಸೆಯ ಮೇಲೆ ಅಚ್ಚಾಗಬೇಕಾದರೆ ಯಾವ ಯಾವ ಕಾಲದಲ್ಲಿ ಎಷ್ಟೆಷ್ಟು ಜೀವಗಳು ಹೋಗಬೇಕಾಯಿತೆಂಬುದೇ ಈ ಔಷಧದ ಚರಿತ್ರೆ.

ಕೆಮ್ಮು ತಾನೇ ಒಂದು ರೋಗವಲ್ಲ. ಶ್ವಾಸನಾಳವನ್ನು ಹೊಕ್ಕ ಧೂಳನ್ನೂ ಅಲ್ಲಿ ಕಟ್ಟಿದ ಕಫವನ್ನೂ ಹೊರಕ್ಕೆ ತಳ್ಳಲು ದೇಹ ಮಾಡಿಕೊಂಡಿರುವ ಏರ್ಪಾಡು ಅದು. ನರಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಅಪ್ಪಣೆ ಹೊರಟು ಎದೆಯ ಸ್ನಾಯುಗಳು ಒಮ್ಮೆಲೇ ಕುಗ್ಗುತ್ತವೆ. ನಮ್ಮ ಹಿರಿಯರ ಮದ್ದುಗಳು ಬಹುಮಟ್ಟಿಗೆ ಗಂಟಲಿಗೆ ಹಿತವಾಗಲೆಂದು, ಕಫ ಸಡಿಲಲೆಂದು ಕೊಡುತ್ತಿದ್ದಂಥವು: ಶುಂಠಿ, ಮೆಣಸು, ಅತಿಮಧುರ, ಜೇನು, ಬೇಲಿಯ ಬದಿಯ ಆಡುಸೋಗೆ. ಆಯುರ್ವೇದವು ವಾಸಾ ಎಂದು ಕರೆಯುವ ಈ ಆಡುಸೋಗೆಯ ಎಲೆಯಲ್ಲಿ ವಾಸಿಸಿನ್ ಎಂಬ ಸತ್ತ್ವವಿದೆ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ರಸಾಯನ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ತಯಾರಿಸಿದರು. 1963ರ ಸುಮಾರಿಗೆ ಅದು ಬಳಕೆಗೆ ಬಂತು. ಇಂದು ಅಂಗಡಿಯ ಎಷ್ಟೋ ಸೀಸೆಗಳ ಮೇಲೆ ಆ ಹೆಸರಿದೆ. ನಮ್ಮ ಬೇಲಿಯ ಗಿಡ ಕಡಲು ದಾಟಿ, ವೇಷ ಬದಲಿಸಿ, ಮತ್ತೆ ನಮ್ಮ ಮನೆಗೇ ಬಂದಿದೆ.

ಕೆಮ್ಮನ್ನು ಹೇಗಾದರೂ ಅಡಗಿಸಿಬಿಡಬೇಕೆನ್ನುವ ಮದ್ದಿನ ದಾರಿ ಬೇರೆ. ಆ ದಾರಿ ಅಫೀಮಿನಿಂದ ಹೊರಟದ್ದು. ಅಫೀಮು ಮಿದುಳಿನ ಬುಡದಲ್ಲಿ ಕೆಮ್ಮಿನ ಅಪ್ಪಣೆ ಹೊರಡುವ ಜಾಗವನ್ನೇ ಮಂಕುಗೊಳಿಸುತ್ತದೆ. ತೊಂದರೆಯೆಂದರೆ ಉಸಿರಾಟದ ಅಪ್ಪಣೆ ಹೊರಡುವುದೂ ಅಲ್ಲಿಂದಲೇ. ಪ್ರಮಾಣ ಹೆಚ್ಚಾದರೆ ಕೆಮ್ಮು ನಿಂತಂತೆ ಉಸಿರೂ ನಿಲ್ಲುತ್ತದೆ.

1732ರಲ್ಲಿ ಥಾಮಸ್ ಡೋವರ್ ಎಂಬ ಇಂಗ್ಲಿಷ್ ವೈದ್ಯನು ಅಫೀಮಿಗೆ ಇಪೆಕಾಕ್ ಎಂಬ ಬ್ರೆಜಿಲ್ ದೇಶದ ಬೇರನ್ನು ಬೆರೆಸಿದ ಪುಡಿಯೊಂದನ್ನು ಲೋಕಕ್ಕೆ ತಿಳಿಸಿದ. ಈತ ವೈದ್ಯನಾಗಿದ್ದಷ್ಟೇ ಅಲ್ಲ, ಶತ್ರುಗಳ ಹಡಗುಗಳನ್ನು ದೋಚುವ ಸಾಹಸಿಯೂ ಆಗಿದ್ದ. ನಿರ್ಜನ ದ್ವೀಪದಲ್ಲಿ ಒಬ್ಬಂಟಿಯಾಗಿದ್ದ ಅಲೆಕ್ಸಾಂಡರ್ ಸೆಲ್ಕಿರ್ಕನನ್ನು 1709ರಲ್ಲಿ ಪಾರುಮಾಡಿದ ಹಡಗುಗಳ ತಂಡದಲ್ಲಿ ಈತನೂ ಇದ್ದ. ಆ ಸೆಲ್ಕಿರ್ಕನ ಕಥೆಯೇ ರಾಬಿನ್‌ಸನ್ ಕ್ರೂಸೋ ಕಾದಂಬರಿಗೆ ಪ್ರೇರಣೆಯೆಂದು ಹೇಳುವುದುಂಟು. ಡೋವರನ ಪುಡಿ ಮೊದಲು ಸಂಧಿನೋವಿಗೆಂದು ಹೊರಟು, ನೆಗಡಿ ಜ್ವರಗಳಿಗೂ ಸಲ್ಲತೊಡಗಿ, ಇಪ್ಪತ್ತನೆಯ ಶತಮಾನದವರೆಗೂ ಔಷಧಾಲಯಗಳಲ್ಲಿ ಉಳಿದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಫೀಮು ಸೀಸೆಯೊಳಕ್ಕೆ ಇಳಿಯಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ಕಾಲಿಸ್ ಬ್ರೌನ್ ಕಾಲರಾ ಬೇನೆಗೆಂದು ಮಾಡಿದ ಕ್ಲೋರೊಡೈನ್ ಎಂಬ ದ್ರವದಲ್ಲಿ ಅಫೀಮಿನ ಸತ್ತ್ವ, ಗಾಂಜಾ, ಕ್ಲೋರೊಫಾರಂ ಮೂರೂ ಸೇರಿದ್ದವು. ಅದನ್ನು ಲಂಡನ್ನಿನ ವ್ಯಾಪಾರಿಯೊಬ್ಬ ಕೆಮ್ಮು, ಉಬ್ಬಸ, ಕ್ಷಯ ಎಲ್ಲಕ್ಕೂ ಸಿದ್ಧೌಷಧವೆಂದು ಜಾಹೀರಾತು ಕೊಟ್ಟು ಮಾರಿದ. ಅಮೆರಿಕದಲ್ಲಿ 1849ರಿಂದ ಮಿಸೆಸ್ ವಿನ್ಸ್ಲೋ ಹೆಸರಿನ ಪಾನಕವೊಂದು ಹಲ್ಲು ಬರುವ ಮಕ್ಕಳ ಅಳು ನಿಲ್ಲಿಸಲೆಂದು ಮನೆಮನೆಗೂ ಹೋಯಿತು, ಅದರೊಳಗಿದ್ದುದು ಮಾರ್ಫಿನ್. ಇಂಗ್ಲೆಂಡಿನಲ್ಲಿ ಕಾರ್ಖಾನೆಗೆ ಹೋಗುವ ತಾಯಂದಿರು ಗಾಡ್‌ಫ್ರೇ ಕಾರ್ಡಿಯಲ್ ಎಂಬ ಅಫೀಮಿನ ಪಾಕವನ್ನು ಮಗುವಿಗೆ ಕುಡಿಸಿ ಹೋಗುತ್ತಿದ್ದರು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಅದೇ ಕಾರಣಕ್ಕಾಗಿ ಬಾಲಗೋಳಿ ಎಂಬ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದರು. ಆ ತಾಯಂದಿರನ್ನು ದೂರಿ ಫಲವಿಲ್ಲ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಹನ್ನೊಂದು ಹನ್ನೆರಡು ಗಂಟೆ ದುಡಿಯಬೇಕಾದವರಿಗೆ ಬೇರೆ ಉಪಾಯವಿರಲಿಲ್ಲ. ಆದರೆ ಮಗು ನಿದ್ರೆ ಹೋಯಿತೆಂದರೆ ಔಷಧ ಹಿಡಿಯಿತೆಂದೇ ಅರ್ಥವೆಂಬ ನಂಬಿಕೆ ಆಗ ಬೇರುಬಿಟ್ಟದ್ದು, ಇಂದಿಗೂ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ.

ಈ ಕಥೆಯ ಅತ್ಯಂತ ವಿಚಿತ್ರ ಘಟ್ಟ 1898ನೆಯ ಇಸವಿ. ಆಗ ಕ್ಷಯ, ನ್ಯುಮೋನಿಯ ಎರಡೂ ಯೂರೋಪಿನಲ್ಲಿ ಅಸಂಖ್ಯಾತ ಜನರನ್ನು ಕೊಲ್ಲುತ್ತಿದ್ದವು. ಕೆಮ್ಮನ್ನು ತಗ್ಗಿಸುವ ಔಷಧಕ್ಕೆ ಇನ್ನಿಲ್ಲದ ಬೇಡಿಕೆಯಿತ್ತು. ಮಾರ್ಫಿನ್ ಚಟ ಹತ್ತಿಸುತ್ತದೆಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಫೆಲಿಕ್ಸ್ ಹಾಫ್‌ಮನ್ ಮಾರ್ಫಿನ್ನನ್ನು ತುಸು ಮಾರ್ಪಡಿಸಿ ಹೊಸ ವಸ್ತುವೊಂದನ್ನು ತಯಾರಿಸಿದ. ಹೈನ್ರಿಷ್ ಡ್ರೇಸರ್ ಅದನ್ನು ಪರೀಕ್ಷಿಸಿ, ಕೆಮ್ಮಿಗೆ ಹಿಂದಿನವುಗಳಿಗಿಂತ ಮೇಲೆಂದೂ ಚಟ ಹತ್ತಿಸುವ ಭಯವಿಲ್ಲವೆಂದೂ ಸಾರಿದ. ಕಂಪನಿ ಅದಕ್ಕಿಟ್ಟ ಹೆಸರು ಹೆರಾಯಿನ್. ಇಂದು ಪೊಲೀಸರ ವರದಿಗಳಲ್ಲಿ ಕಾಣುವ ಆ ಹೆಸರು ಮೊದಲು ಅಚ್ಚಾದದ್ದು ಕೆಮ್ಮಿನ ಔಷಧದ ಸೀಸೆಯ ಮೇಲೆ. ಕೆಲವೇ ವರ್ಷಗಳಲ್ಲಿ ಚಟಕ್ಕೆ ಸಿಕ್ಕಿದವರಿಂದ ಆಸ್ಪತ್ರೆಗಳು ತುಂಬತೊಡಗಿದವು. 1913ರಲ್ಲಿ ಬೇಯರ್ ಅದರ ತಯಾರಿಕೆಯನ್ನು ನಿಲ್ಲಿಸಿತು.

ಇಷ್ಟರಲ್ಲಿ ಅಮೆರಿಕದ ಪತ್ರಿಕೆಗಳು ಈ ಸಿದ್ಧೌಷಧಗಳ ಗುಟ್ಟನ್ನು ಬಯಲಿಗೆಳೆದಿದ್ದವು. 1906ರಲ್ಲಿ ಅಲ್ಲೊಂದು ಕಾನೂನು ಬಂತು: ಅಫೀಮು, ಮಾರ್ಫಿನ್, ಹೆರಾಯಿನ್, ಮದ್ಯಸಾರ ಇವು ಸೀಸೆಯಲ್ಲಿದ್ದರೆ ಹಾಗೆಂದು ಲೇಬಲಿನ ಮೇಲೆ ಬರೆಯತಕ್ಕದ್ದು. ಮಾರಬಾರದೆಂದು ಆ ಕಾನೂನು ಹೇಳಲಿಲ್ಲ, ಬರೆಯಬೇಕೆಂದಷ್ಟೇ ಹೇಳಿತು. ಅಷ್ಟರಿಂದಲೇ ಎಷ್ಟೋ ತಾಯಂದಿರು ಸೀಸೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದರು.

ಅಫೀಮಿನ ವಂಶ ಅಲ್ಲಿಗೆ ಮುಗಿಯಲಿಲ್ಲ. 1832ರಲ್ಲೇ ಫ್ರಾನ್ಸಿನ ರೋಬಿಕೆ ಅಫೀಮಿನಿಂದ ಬೇರ್ಪಡಿಸಿದ್ದ ಕೊಡೀನ್, ಮಾರ್ಫಿನ್ನಿಗಿಂತ ಸೌಮ್ಯವೆಂಬ ಕಾರಣದಿಂದ ಕೆಮ್ಮಿನ ಔಷಧಗಳಲ್ಲಿ ಭದ್ರವಾಗಿ ಕುಳಿತಿತು. ಸೌಮ್ಯವೆಂದರೆ ನಿರಪಾಯವೆಂದಲ್ಲ. ಬಾಂಗ್ಲಾದೇಶ ತನ್ನ 1982ರ ಔಷಧನೀತಿಯಲ್ಲಿ ಇಂಥ ಸೀಸೆಗಳನ್ನು ತೆಗೆದುಹಾಕಿದ ಮೇಲೆ ನಮ್ಮ ಪೂರ್ವದ ಗಡಿಯಲ್ಲಿ ಕೆಮ್ಮಿನ ಔಷಧವೇ ಕಳ್ಳಸಾಗಣೆಯ ಸರಕಾಯಿತು. ನೈಜೀರಿಯ 2018ರಲ್ಲಿ ಕೊಡೀನ್ ಇರುವ ಕೆಮ್ಮಿನ ಪಾನಕಗಳ ತಯಾರಿಕೆಯನ್ನೂ ಆಮದನ್ನೂ ನಿಷೇಧಿಸಿತು. ನಮ್ಮಲ್ಲಿ 2014ರ ಮಾರ್ಚಿಯಿಂದ ಕೊಡೀನ್ ಎಚ್1 ಎಂಬ ಪಟ್ಟಿಗೆ ಸೇರಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ದಾಖಲಾಗಬೇಕು. ಚಟ ಹತ್ತಿಸದ ಬದಲಿಯೆಂದು ಅಮೆರಿಕದಲ್ಲಿ 1958ರಲ್ಲಿ ಒಪ್ಪಿಗೆ ಪಡೆದು, ಚೀಟಿಯಿಲ್ಲದೆ ಮಾರಾಟವಾದ ಡೆಕ್ಸ್ಟ್ರೊಮೆಥಾರ್ಫನ್ ಕೂಡ ಈ ಪಾಡನ್ನು ತಪ್ಪಿಸಿಕೊಳ್ಳಲಿಲ್ಲ. ಒಂದು ಚಮಚದಲ್ಲಿ ಕೆಮ್ಮನ್ನು ತಗ್ಗಿಸುವ ಅದು ಒಂದು ಸೀಸೆಯಲ್ಲಿ ಬುದ್ಧಿಭ್ರಮಣೆ ತರುತ್ತದೆಂಬುದನ್ನು ಅಲ್ಲಿನ ಹುಡುಗರು 1960ರ ದಶಕದಲ್ಲೇ ಕಂಡುಕೊಂಡರು. ಇಂಥ ಸೀಸೆಯಲ್ಲಿ ಅದರ ಜೊತೆಗೆ ಪ್ಯಾರಾಸಿಟಮಾಲ್ ಇದ್ದರೆ ಅತಿಪ್ರಮಾಣದಿಂದ ಯಕೃತ್ತೂ ಕೆಡುತ್ತದೆ. ಚಟಕ್ಕಾಗಿ ಕುಡಿಯುವವನಿಗೆ ಇದು ಹೊಳೆಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಔಷಧದಿಂದಲೇ ಬಂದ ಕೇಡು. ಔಷಧವನ್ನು ಕರಗಿಸುವ ದ್ರವದಿಂದ ಬಂದ ಕೇಡು ಇನ್ನೂ ಭಯಂಕರವಾದದ್ದು. ಅದಕ್ಕೆ ಅಮೆರಿಕದ 1937ನೆಯ ಇಸವಿಗೆ ಹೋಗಬೇಕು.

ಸಲ್ಫನಿಲಮೈಡ್ ಎಂಬ ಹೊಸ ಔಷಧ ಆಗ ಗಂಟಲುಬೇನೆಯೇ ಮೊದಲಾದ ಸೋಂಕುಗಳಿಗೆ ಪವಾಡದಂತೆ ಕೆಲಸ ಮಾಡುತ್ತಿತ್ತು. ಪುಡಿಯಾಗಿಯೂ ಮಾತ್ರೆಯಾಗಿಯೂ ಸಿಗುತ್ತಿದ್ದ ಅದನ್ನು ಮಕ್ಕಳಿಗೆ ಕುಡಿಸುವಂತೆ ದ್ರವರೂಪದಲ್ಲಿ ಕೊಡಿ ಎಂದು ಗಿರಾಕಿಗಳು ಕೇಳಿದರು. ಟೆನೆಸಿ ಸಂಸ್ಥಾನದ ಮ್ಯಾಸೆಂಗಿಲ್ ಕಂಪನಿಯ ಮುಖ್ಯ ರಸಾಯನಜ್ಞ ಹೆರಾಲ್ಡ್ ವಾಟ್ಕಿನ್ಸ್ ಹುಡುಕಿ ನೋಡಿ, ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಅದು ಚೆನ್ನಾಗಿ ಕರಗುತ್ತದೆಂದು ಕಂಡ. ರಾಸ್ಪ್‌ಬೆರಿ ಹಣ್ಣಿನ ರುಚಿ ಸೇರಿಸಿದ. ಕಂಪನಿ ಬಣ್ಣ, ವಾಸನೆ, ರುಚಿ ಮೂರನ್ನೂ ಪರೀಕ್ಷಿಸಿತು. ವಿಷವೋ ಅಲ್ಲವೋ ಎಂದು ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂದು ಆಗಿನ ಕಾನೂನು ಕೇಳಿರಲೂ ಇಲ್ಲ. ಸೆಪ್ಟೆಂಬರಿನಲ್ಲಿ ಸೀಸೆಗಳು ದೇಶದಾದ್ಯಂತ ಹೊರಟವು. ಅಕ್ಟೋಬರಿನಲ್ಲಿ ಓಕ್ಲಹೋಮದ ಟಲ್ಸಾ ನಗರದಿಂದ ಸಾವಿನ ಸುದ್ದಿ ಬಂತು. ಮಕ್ಕಳಿಗೆ ಮೂತ್ರ ಕಟ್ಟಿ, ಹೊಟ್ಟೆನೋವು, ವಾಂತಿ, ಕೊನೆಗೆ ಪ್ರಜ್ಞೆ ತಪ್ಪಿ ಸಾವು.

ಮುಂದಿನ ಕೆಲವು ವಾರಗಳ ಕಥೆಯನ್ನು ಓದಿದರೆ ಮನಸ್ಸು ಕಲಕುತ್ತದೆ. ಕಂಪನಿ ಮೊದಲು ಕಳುಹಿಸಿದ ತಂತಿಯಲ್ಲಿ ಸೀಸೆಗಳನ್ನು ಹಿಂದಿರುಗಿಸಿ ಎಂದಿತ್ತೇ ಹೊರತು ಪ್ರಾಣಾಪಾಯವಿದೆ ಎಂದಿರಲಿಲ್ಲ. ಸರ್ಕಾರ ಒತ್ತಾಯಿಸಿದ ಮೇಲೆ ಎರಡನೆಯ ತಂತಿ ಹೋಯಿತು. ಔಷಧ ಇಲಾಖೆಯ ಇನ್ನೂರಕ್ಕೂ ಹೆಚ್ಚು ತನಿಖೆದಾರರು ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ತಿರುಗಿದರು. ಪತ್ರಿಕೆಗಳಲ್ಲಿಯೂ ರೇಡಿಯೊದಲ್ಲಿಯೂ ಎಚ್ಚರಿಕೆ ಸಾರಲಾಯಿತು. ಮೂರು ವರ್ಷದ ಹುಡುಗನೊಬ್ಬನಿಗೆ ಈ ಔಷಧ ಬರೆದುಕೊಟ್ಟ ಮೇಲೆ ಆ ಸಂಸಾರ ಬೆಟ್ಟದ ಸೀಮೆಗೆ ಹೊರಟುಹೋಗಿತ್ತು. ಅವರನ್ನು ಹುಡುಕಲೆಂದು ವೈದ್ಯನೊಬ್ಬ ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿ ತನಿಖೆದಾರನೊಡನೆ ಹೊರಟನಂತೆ. ತಯಾರಾಗಿದ್ದ 240 ಗ್ಯಾಲನ್ನಿನಲ್ಲಿ ಹೆಚ್ಚಿನ ಪಾಲು ಕೈಗೆ ಸಿಕ್ಕಿತು. ಸಿಗದೆ ಉಳಿದದ್ದು ಕೆಲವೇ ಗ್ಯಾಲನ್. ಅಷ್ಟರಿಂದಲೇ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಅನೇಕ.

ಸರ್ಕಾರ ಆ ಸೀಸೆಗಳನ್ನು ವಶಪಡಿಸಿಕೊಂಡದ್ದು ಯಾವ ಕಾನೂನಿನ ಮೇಲೆ? ಹೆಸರಿನ ತಪ್ಪಿನ ಮೇಲೆ. ಅದನ್ನು ಎಲಿಕ್ಸಿರ್ ಎಂದು ಮಾರಲಾಗಿತ್ತು. ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು. ಇದರಲ್ಲಿ ಅದು ಇರಲಿಲ್ಲ. ಬರಿಯ ದ್ರಾವಣವೆಂದು ಹೆಸರಿಟ್ಟಿದ್ದರೆ ಸರ್ಕಾರದ ಕೈ ಕಟ್ಟಿಹೋಗುತ್ತಿತ್ತು. ಕಂಪನಿಗೆ 26 ಸಾವಿರ ಡಾಲರಿಗೆ ತುಸು ಮೇಲ್ಪಟ್ಟ ದಂಡ ಬಿತ್ತು. ವಾಟ್ಕಿನ್ಸ್ ಆತ್ಮಹತ್ಯೆ ಮಾಡಿಕೊಂಡ. 1938ರಲ್ಲಿ ಹೊಸ ಕಾನೂನು ಬಂದು, ಹೊಸ ಔಷಧವನ್ನು ಮಾರುವ ಮುನ್ನ ಅದು ನಿರಪಾಯವೆಂದು ತೋರಿಸಿಕೊಡುವ ಹೊಣೆ ತಯಾರಕನ ಮೇಲೆ ಬಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಹಾಕಿದ್ದಂತೂ ಒಳ್ಳೆಯದೇ ಆಯಿತು.

ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಕೆಮ್ಮಿನ ಔಷಧವೆಂದರೆ ಸರ್ಕಾರಿ ಆಸ್ಪತ್ರೆಯ ಮಿಕ್ಸ್ಚರ್. ಸೀಸೆಯನ್ನು ಮನೆಯಿಂದಲೇ ತೊಳೆದುಕೊಂಡು ಹೋಗಬೇಕು. ಕಾಂಪೌಂಡರು ದೊಡ್ಡ ಜಾಡಿಯಿಂದ ಸುರಿದು, ಸೀಸೆಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಒಂದು ಗೆರೆಯಷ್ಟು ಎಂದು ಹೇಳಿ ಕಳಿಸುತ್ತಿದ್ದರು. ಒಳಗೇನಿದೆಯೆಂದು ರೋಗಿಗೆ ತಿಳಿಯದಿದ್ದರೂ ಎಷ್ಟು ಕುಡಿಯಬೇಕೆಂಬುದು ಮಾತ್ರ ಓದುಬಾರದವರಿಗೂ ತಿಳಿಯುತ್ತಿತ್ತು. ಇಂದಿನ ಎಷ್ಟೋ ಲೇಬಲುಗಳಿಗೆ ಆ ಕಾಗದದ ಪಟ್ಟಿಯ ಬುದ್ಧಿ ಇಲ್ಲ.

ಅಂಗಡಿಯ ಔಷಧಗಳ ಮಾತು ಬೇರೆಯಾಗಿತ್ತು. ಕಲಬೆರಕೆಯ ದೂರುಗಳು ಹೆಚ್ಚಿದಾಗ ಭಾರತ ಸರ್ಕಾರ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ 1930ರಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ವರದಿಯ ಫಲವಾಗಿ 1940ರ ಔಷಧ ಕಾನೂನೂ 1945ರ ನಿಯಮಗಳೂ ಬಂದವು. ತಯಾರಿಕೆಗೆ ಪರವಾನಗಿ, ಸರ್ಕಾರಿ ಪರೀಕ್ಷಾಲಯ, ತನಿಖೆದಾರರು ಎಲ್ಲವೂ ಕಾಗದದ ಮೇಲೆ ಏರ್ಪಾಟಾದವು. ಆದರೂ ಅಮೆರಿಕದಲ್ಲಿ 1937ರಲ್ಲಿ ಕೊಂದ ಅದೇ ದ್ರವ ನಮ್ಮಲ್ಲಿ ಮತ್ತೆ ಮತ್ತೆ ಬಂತು. 1972ರಲ್ಲಿ ಮದರಾಸಿನಲ್ಲಿ ಮಕ್ಕಳನ್ನು ಬಲಿ ತೆಗೆದುಕೊಂಡಿತು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಕಲಬೆರಕೆಯ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ವಿಚಾರಣೆ ನಡೆಸಿತು. 1998ರಲ್ಲಿ ಗುಡಗಾಂವ್ ಕಡೆಯ ಕೆಮ್ಮಿನ ಔಷಧದಿಂದ 33 ಮಕ್ಕಳು, 2019-20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. 2022ರಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಹರಿಯಾಣದ ಕಾರ್ಖಾನೆಯೊಂದರ ನಾಲ್ಕು ಪಾನಕಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಕಂಪನಿ ಆರೋಪವನ್ನು ನಿರಾಕರಿಸಿತು. ಹೊರದೇಶಗಳಿಗೆ ಹೋಗುವ ಕೆಮ್ಮಿನ ಪಾನಕಗಳನ್ನು ಸರ್ಕಾರದ ಒಪ್ಪಿಗೆ ಪಡೆದ ಪರೀಕ್ಷಾಲಯದಲ್ಲಿ ಪರೀಕ್ಷಿಸಿಯೇ ಕಳುಹಿಸಬೇಕೆಂಬ ಆಜ್ಞೆ 2023ರ ಜೂನ್ 1ರಿಂದ ಜಾರಿಗೆ ಬಂತು. ನಮ್ಮ ಊರಿನ ಅಂಗಡಿಗೆ ಬರುವ ಸೀಸೆಗೆ ಆ ಆಜ್ಞೆ ಅನ್ವಯಿಸಲಿಲ್ಲವೆಂಬುದನ್ನು ಗಮನಿಸಬೇಕು.

ಹೀಗೇಕಾಗುತ್ತದೆ? ಪ್ಯಾರಾಸಿಟಮಾಲ್‌ನಂಥ ಔಷಧ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗಿಸಲು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೇಕು. ಶುದ್ಧವಾಗಿದ್ದರೆ ಇವುಗಳಿಂದ ಭಯವಿಲ್ಲ. ಡೈಎಥಿಲೀನ್ ಗ್ಲೈಕಾಲ್ ನೋಡಲು ಹಾಗೆಯೇ ಇರುತ್ತದೆ. ಅದೂ ಮಂದ, ಅದೂ ಸಿಹಿ, ಬೆಲೆ ಮಾತ್ರ ಅಗ್ಗ. ಬ್ರೇಕಿನ ಎಣ್ಣೆ, ಮಸಿ, ಬಣ್ಣಗಳ ಕಾರ್ಖಾನೆಗಳಿಗೆ ಹೋಗುವ ಸರಕು ಅದು. ಪೀಪಾಯಿ ಕೈಯಿಂದ ಕೈಗೆ ದಾಟುವಾಗ ಲೇಬಲ್ ಬದಲಾದರೆ ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯುವುದಿಲ್ಲ, ಪರೀಕ್ಷಾಲಯಕ್ಕೆ ಮಾತ್ರ ತಿಳಿಯುತ್ತದೆ. ದೇಹದೊಳಗೆ ಅದು ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಕಲಬೆರಕೆಯ ಮಿತಿ ನೂರಕ್ಕೆ 0.1 ಪಾಲು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆಯಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೋಲ್ಡ್ರಿಫ್ ಎಂಬ ಪಾನಕವನ್ನು ಆ ರಾಜ್ಯದ ಪರೀಕ್ಷಾಲಯ ಪರೀಕ್ಷಿಸಿತು. ಅದರಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ನೂರಕ್ಕೆ 48.6 ಪಾಲು. ಪರೀಕ್ಷೆಗೆ ಹಿಡಿದದ್ದು ಒಂದೆರಡು ದಿನ. ತಯಾರಿಸಿದವರೇ ಆ ಪರೀಕ್ಷೆಯನ್ನು ಮೊದಲು ಮಾಡಿದ್ದರೆ ಸೀಸೆ ಕಾರ್ಖಾನೆಯ ಬಾಗಿಲು ದಾಟುತ್ತಿರಲಿಲ್ಲ.

ಆ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಸಲಹೆ ಸರಳವಾಗಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬೇಡ, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ. ಅಮೆರಿಕದ ಔಷಧ ಇಲಾಖೆ 2008ರಲ್ಲಿಯೇ ಎರಡು ವರ್ಷದೊಳಗಿನವರ ಬಗ್ಗೆ ಹೀಗೆ ಹೇಳಿತ್ತು. ಮಕ್ಕಳ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಹೋಗುವಂಥದು. ಈ ಪಾನಕಗಳು ಅದನ್ನು ಬೇಗ ಕಳೆಯುತ್ತವೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿಲ್ಲ. 2007ರಲ್ಲಿ ಪೆನ್ಸಿಲ್ವೇನಿಯದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಲಗುವ ಮುನ್ನ ಜೇನು ನೆಕ್ಕಿದ ಮಕ್ಕಳ ರಾತ್ರಿಯ ಕೆಮ್ಮು ಏನೂ ಕೊಡದ ಮಕ್ಕಳಿಗಿಂತ ತಗ್ಗಿತ್ತು; ಡೆಕ್ಸ್ಟ್ರೊಮೆಥಾರ್ಫನ್ನಿಂದ ಅಂಥ ಲಾಭ ಕಾಣಲಿಲ್ಲ. ಅಜ್ಜಿಯರು ಇದನ್ನು ಕೇಳಿ ನಕ್ಕಾರು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು. ಅಪರೂಪಕ್ಕೆ ಅದರಲ್ಲಿರುವ ಜೀವಾಣುವಿನಿಂದ ಪಾರ್ಶ್ವವಾಯುವಿನಂಥ ಕಾಯಿಲೆ ಬರುವುದುಂಟು.

ದೊಡ್ಡವರು ಅಂಗಡಿಯಿಂದ ಸೀಸೆ ತರುವುದಾದರೆ ಲೇಬಲಿನ ಹೆಸರುಗಳನ್ನು ಅಂಗಡಿಯವರಿಂದಲೇ ಓದಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಜ್ವರಕ್ಕೆಂದು ಬೇರೆ ಮಾತ್ರೆ ನುಂಗುತ್ತಿದ್ದರೆ ಸೀಸೆಯಲ್ಲಿಯೂ ಪ್ಯಾರಾಸಿಟಮಾಲ್ ಇದೆಯೇ ಎಂದು ಕೇಳಬೇಕು. ಇದ್ದರೆ ಅರಿಯದೆ ಇಮ್ಮಡಿಯಾದೀತು. ಕ್ಲೋರ್‌ಫೆನಿರಮಿನ್ ಇದ್ದರೆ ತೂಕಡಿಕೆ ತಪ್ಪದು. ವಾಹನ ನಡೆಸುವವರೂ ಮದ್ಯಪಾನ ಮಾಡುವವರೂ ಅದರಿಂದ ದೂರವಿರಬೇಕು. ಅಡುಗೆಮನೆಯ ಚಮಚ ಮನೆಗೊಂದು ಅಳತೆ; ಸೀಸೆಯ ಜೊತೆಗೆ ಬರುವ ಗೆರೆ ಹಾಕಿದ ಮುಚ್ಚಳವನ್ನೇ ಬಳಸಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಮೂರನೆಯ ಸೀಸೆ ತರುವುದಕ್ಕಿಂತ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫದ ಪರೀಕ್ಷೆ ಮಾಡಿಸುವುದು ಮೇಲು. ಕ್ಷಯವನ್ನು ಸಿಹಿ ಪಾನಕದಿಂದ ಮುಚ್ಚಿಟ್ಟುಕೊಂಡು ಮನೆಯವರಿಗೆಲ್ಲ ಹಂಚಿದ ಸಂಸಾರಗಳು ನಮ್ಮಲ್ಲಿ ಕಡಿಮೆಯಿಲ್ಲ.

ಔಷಧ ಮುಗಿದರೂ ಕಾಯಿಲೆ ಪೂರ್ತಿ ವಾಸಿಯಾಗುವವರೆಗೆ ಸೀಸೆಯನ್ನು ಎಸೆಯಬಾರದು; ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇರುವುದು ಅದರ ಮೇಲೆಯೇ. ಪಾನಕ ಕುಡಿದ ಮಗು ವಾಂತಿ ಮಾಡಿಕೊಂಡು ಮಂಕಾದರೆ, ಮೂತ್ರ ಕಡಿಮೆಯಾದರೆ ಅಥವಾ ನಿಂತುಹೋದರೆ, ಮರುದಿನಕ್ಕೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು, ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ.